ಮಾದಮ್ಮನ ಕೈ

ಬೆಟ್ಟದ ಮೇಲಿನ ಸೋಲೂರಿನ ಮಾದಮ್ಮ ತನ್ನ ತುಂಡು ಚಹಾ ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ಮೂವತ್ತು ವರ್ಷ ಬರಿಗೈಯಲ್ಲೇ ಕಲಸಿದವಳು. ಮೊಣಕೈವರೆಗೆ ಬಕೆಟ್ಟಿನಲ್ಲಿ ಅದ್ದಿ, ಚರ್ಮ ಚುರುಗುಟ್ಟಿದರೆ ಹದ ಸರಿಯಾಯಿತು ಅನ್ನುತ್ತಿದ್ದಳು. ಬೆರಳಿನ ಉಗುರುಗಳು ಒಂದೊಂದಾಗಿ ಉದುರಿದವು, ದಮ್ಮು ಶುರುವಾಯಿತು. ಸರ್ಕಾರಿ ಡಾಕ್ಟರು, "ಚಳಿ ಊರು, ಹಂಗೇ ಇರುತ್ತೆ" ಎಂದು ಪ್ರತಿ ಸಲ ಅದೇ ಮಾತ್ರೆ ಕೊಟ್ಟು ಸಾಗಹಾಕಿದರು.

ಈ ವರ್ಷ ಹೊರದೇಶದವರು ವಿಷದ ಅಂಶವಿರುವ ಚಹಾ ಬೇಡವೆಂದದ್ದೇ ತಡ, ಎಲ್ಲರಿಗೂ ಆರೋಗ್ಯದ ಚಿಂತೆ ಹತ್ತಿತು. ಎಲೆ ಕೊಳ್ಳುವ ಸುರೇಂದ್ರನ್ ಕೈಗವಸು ತೊಟ್ಟು, ಅವಳ ಚೀಲದಿಂದ ಒಂದು ಹಿಡಿ ತೆಗೆದು ಪರೀಕ್ಷೆಗೆಂದು ಪೊಟ್ಟಣ ಕಟ್ಟಿದ.

"ಮುಟ್ಟಬೇಡಿ ಅಕ್ಕಾ, ಸ್ಯಾಂಪಲ್ ಕೆಡುತ್ತೆ" ಎಂದ.

ಮಾದಮ್ಮ ಉಗುರಿಲ್ಲದ ಕೈಯನ್ನು ಅವನ ಮುಖಕ್ಕೆ ಹಿಡಿದಳು. "ಇದನ್ನೂ ಪೊಟ್ಟಣ ಕಟ್ಟಿ ಕಳಿಸೋ. ಆ ದೇಶದವರಾದರೂ ನೋಡಲಿ."