ಬೆಳಕು ಹೆಚ್ಚಾದ ಮೂರನೆಯ ಫೋಟೋ

ಕಂಡದ್ದನ್ನು, ವಿಚಾರಿಸಿ ಖಚಿತಪಡಿಸಿಕೊಂಡದ್ದನ್ನು ಮಾತ್ರ ಬರೆಯುವುದು ನನ್ನ ಕೆಲಸ. ದೆವ್ವದ ಸುದ್ದಿ ಹೊತ್ತು ತಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆ. ಈಗಲೂ ಅವನ್ನು ನಂಬುತ್ತೇನೆಂದು ಹೇಳಲಾರೆ. ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ತೆಗೆದ ಒಂದು ಫೋಟೋ ಮಾತ್ರ ಇನ್ನೂ ನನಗೆ ಅರ್ಥವಾಗಿಲ್ಲ.

ಎರಡು ಸಾವಿರದ ಐದರ ಸುಮಾರು. ನಮ್ಮ ಪತ್ರಿಕೆಯ ಕಚೇರಿಗೆ ಆಗಷ್ಟೇ ಡಿಜಿಟಲ್ ಕ್ಯಾಮೆರಾ ಬಂದಿತ್ತು. ದಾವಲಸಾಬ ಎಂಬ ಟೆಂಪೊ ಚಾಲಕ ಕಾಣೆಯಾಗಿ ಕೆಲವು ತಿಂಗಳಾಗಿತ್ತು. ಗಾಡಿ ಮಲಪ್ರಭೆಯ ಸೇತುವೆಯ ಹತ್ತಿರ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಹೊಳೆಯ ಪಾಲಾದನೆಂದು ಊರೆಲ್ಲ ತೀರ್ಮಾನಿಸಿತ್ತು. ಆಸೆ ಬಿಟ್ಟು ತವರೂರು ಮುರಗೋಡಕ್ಕೆ ಹೋಗು ಎಂದು ಅವನ ಹೆಂಡತಿ ಜೈತುನಬಿಗೆ ಮನೆಯವರು ಒತ್ತಾಯ ಮಾಡುತ್ತಿದ್ದರು. ಆಕೆ ಒಪ್ಪಿರಲಿಲ್ಲ. ಅದನ್ನೇ ಬರೆಯಲು ಹೋಗಿದ್ದೆ.

ಮನೆಯ ಪಕ್ಕದಲ್ಲಿ ದಾವಲಸಾಬ ಟೈರು, ಪಾನಾ ಮುಂತಾದ ರಿಪೇರಿ ಸಾಮಾನು ಇಡುತ್ತಿದ್ದ ಕೋಣೆಯಿತ್ತು. ಒಂದೇ ಬಾಗಿಲು, ಕಿಟಕಿಯಿಲ್ಲ. ಅವನ ತಮ್ಮ ಮೌಲಾಸಾಬನ ಜೊತೆ ಒಳಗೆ ಹೋಗಿ ನೋಡಿ ಹೊರಬಂದೆ. ಯಾರೂ ಇರಲಿಲ್ಲ. ಹೊರಗೆ ಮಧ್ಯಾಹ್ನದ ಬಿಸಿಲಿಗೆ ಸುಣ್ಣದ ಗೋಡೆ ಕಣ್ಣು ಕುಕ್ಕುತ್ತಿತ್ತು, ಬಾಗಿಲೊಳಗೆ ಕತ್ತಲೆ. ಒಂದೇ ಫೋಟೋದಲ್ಲಿ ಎರಡೂ ಸರಿಯಾಗಿ ಬರುವಂತಿರಲಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂಡಿಸಿ, ಮೆನುವಿನಲ್ಲಿ ಹುಡುಕಿ ಬ್ರ್ಯಾಕೆಟಿಂಗ್ ಹಾಕಿದೆ. ಗುಂಡಿ ಒತ್ತಿ ಹಿಡಿದರೆ ಬೆನ್ನುಬೆನ್ನಿಗೆ ಮೂರು ಫೋಟೋ: ಹದವಾದದ್ದು, ಬೆಳಕು ಕಡಿಮೆಯಾದದ್ದು, ಬೆಳಕು ಹೆಚ್ಚಾದದ್ದು.

‘ಒಂದ ಬಾಗಿಲಕ್ಕ ಮೂರು ಫೋಟೋ ಏನ್ರಿ ಸಾಹೇಬ್ರ? ರೀಲು ಪುಕ್ಕಟೆ ಬರತೈತೇನು?’ ಎಂದ ಮೌಲಾಸಾಬ.

‘ಇದಕ್ಕ ರೀಲ ಇಲ್ಲಪಾ’ ಎಂದು ನಕ್ಕು, ಪರದೆಯನ್ನು ಅವನಿಗೂ ನನ್ನ ಪಕ್ಕದಲ್ಲಿ ನಿಂತಿದ್ದ ಜೈತುನಬಿಗೂ ತೋರಿಸಿದೆ.

ಮೊದಲ ಎರಡರಲ್ಲಿ ಬಾಗಿಲೊಳಗೆ ಬರೀ ಕಪ್ಪು. ಮೂರನೆಯದರಲ್ಲಿ ಗೋಡೆ ಪೂರ್ತಿ ಬಿಳಿಚಿಕೊಂಡು ಕೋಣೆಯ ಒಳಗೆಲ್ಲ ಕಾಣುತ್ತಿತ್ತು. ಟೈರಿನ ಮೇಲೆ ಒಬ್ಬ ಕುಳಿತಿದ್ದ. ಬೆಳಕು ತಾಳದವನಂತೆ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದ. ಮುಖ ಕಾಣುತ್ತಿರಲಿಲ್ಲ.

ಮೌಲಾಸಾಬ ಒಳಗೆ ಓಡಿದ. ಟೈರುಗಳಿದ್ದವು, ಅಷ್ಟೇ. ಬಾಗಿಲು ನಮ್ಮ ಕಣ್ಣೆದುರೇ ಇತ್ತು.

‘ಕೈ ಹಂಗ ಹಿಡಿಯೂದು ಅವ್ರ ರೂಢಿರಿ’ ಎಂದಳು ಜೈತುನಬಿ. ಮೈದುನನ ಕಡೆ ತಿರುಗಿ, ‘ನಾ ಎಲ್ಲಿಗೂ ಹೋಗಂಗಿಲ್ಲ ಮೌಲಾ. ಈ ಬಾಗಲಾ ಹಾಕಬ್ಯಾಡ’ ಎಂದಳು.

ಮೌಲಾಸಾಬ ನನ್ನನ್ನು ಬದಿಗೆ ಕರೆದ. ‘ಅದನ್ನ ಅಳಸಿಬಿಡ್ರಿ, ನಿಮ್ಮ ಕಾಲಿಗೆ ಬೀಳತೇನಿ. ಭಾಬಿ ಇನ್ನ ಹಿಂಗ ಕುಂತ ಬಿಡತಾಳ.’

ಅಳಿಸಲಿಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡು ಹೊಸದು, ಹಳೆಯ ಚಿತ್ರ ಉಳಿದಿರುವ ಮಾತೇ ಇಲ್ಲ. ಕಚೇರಿಯಲ್ಲಿ ಹಿಗ್ಗಿಸಿ ನೋಡಿದವರು ಗೋಡೆಯ ಬೆಳಕಿನ ಪ್ರತಿಫಲನ ಎಂದರು. ಬೆರಳುಗಳನ್ನು ತೋರಿಸಿದಾಗ ಇನ್ನೂ ಹಿಗ್ಗಿಸಿ ನೋಡಿದರು. ಖಚಿತವಾಗದ್ದನ್ನು ಹಾಕುವಂತಿರಲಿಲ್ಲ. ಪತ್ರಿಕೆಯಲ್ಲಿ ಹದವಾದ ಫೋಟೋ ಬಂತು, ಕಪ್ಪು ಬಾಗಿಲಿನದು.

ದಾವಲಸಾಬ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಜೈತುನಬಿ ಅಲ್ಲೇ ಇದ್ದಾಳೆ. ನಾನು ರಾಮದುರ್ಗದ ಕಡೆ ಹೋದಾಗಲೆಲ್ಲ ಕರೆಸುತ್ತಾಳೆ. ‘ಇನ್ನೊಮ್ಮೆ ತೆಗೀರಿ ಸಾಹೇಬ್ರ’ ಎನ್ನುತ್ತಾಳೆ. ತೆಗೆಯುತ್ತೇನೆ, ಮೂರೂ. ಬೆಳಕು ಹೆಚ್ಚಾದದ್ದನ್ನು ಆಕೆಗೆ ತೋರಿಸುವ ಮೊದಲು ನಾನೊಬ್ಬನೇ ನೋಡುತ್ತೇನೆ. ಇದುವರೆಗೆ ಟೈರುಗಳಷ್ಟೇ ಕಂಡಿವೆ. ಆದರೂ ಪ್ರತಿ ಸಲ ಬಿಸಿಲು ಬೀಳದಂತೆ ಪರದೆಗೆ ಕೈ ಮರೆಮಾಡಿ ಬಗ್ಗುವಾಗ, ಅಲ್ಲಿ ಏನು ಕಾಣಲಿ ಎಂದು ಬಯಸುತ್ತಿದ್ದೇನೆಂಬುದು ನನಗೇ ತಿಳಿಯುವುದಿಲ್ಲ.