ಅರ್ಧ ಬುಟ್ಟಿ ನೇರಳೆ ಚಿಗುರು

ಮೊನ್ನೆ ಮೊಮ್ಮಗಳು ತೊರೆಯ ದಂಡೆಯಿಂದ ಕೆಂಪು ಚಿಗುರೊಂದನ್ನು ತಂದು ನನ್ನ ಕೈಗಿಟ್ಟಳು. ಹಿಸುಕಿ ಮೂಗಿಗೆ ಹಿಡಿದೆ. ಒಗರೂ ಖಾರವೂ ಬೆರೆತ ಆ ವಾಸನೆ ಏರಿದ್ದೇ, ಹುಬ್ಬತಲೈ ಊರಿನ ಕೆಳಗಿನ ನಮ್ಮ ಹಳೆಯ ಮನೆ ಕಣ್ಣ ಮುಂದೆ ನಿಂತಿತು. ಮನೆ ಈಗ ಇಲ್ಲ. ಒಲೆ ಇದ್ದಲ್ಲಿ ಟೀ ಗಿಡ ಬೆಳೆದಿದೆ.

ಮನೆಯ ಹಿಂದೆ, ತೊರೆ ಹುಟ್ಟುವಲ್ಲಿ, ಒಂದು ಕಾಡುನೇರಳೆ ಮರವಿತ್ತು. ನಾವು ಐದು ಮಕ್ಕಳು ಕೈ ಕೈ ಹಿಡಿದರೂ ಅದರ ಬುಡ ಸುತ್ತಲು ಆಗುತ್ತಿರಲಿಲ್ಲ. ಅದರ ನೆರಳಿಗೆ ಟೀ ಏಳುವುದಿಲ್ಲವೆಂದು ಅಪ್ಪ ಕಡಿಯುವ ಆಳುಗಳಿಗೆ ಹೇಳಿಯಾಗಿತ್ತು. ಅದೇ ವಾರ ನನ್ನ ಬೆನ್ನಿಗೆ ಮೊದಲ ಸಲ ಬುಟ್ಟಿ ಕಟ್ಟಿದರು. ಎರಡು ಎಲೆ, ಒಂದು ಮೊಗ್ಗು, ಎಳೆಯದು ಮಾತ್ರ ಕೀಳಬೇಕು ಎಂದು ಅವ್ವೆ ಕಲಿಸಿದ್ದಳು. ನೇರಳೆಯ ಬಾಗಿದ ಕೊಂಬೆಯ ತುಂಬ ಚಿಗುರು, ಟೀಗಿಂತ ಎಳೆಯದು, ಕೆಂಪಗೆ ಮಿರಿಮಿರಿ ಮಿಂಚುವುದು. ಅರ್ಧ ಬುಟ್ಟಿ ಅದನ್ನೇ ಕಿತ್ತೆ.

ಎಲೆ ತೂಗುವ ಶೆಡ್ಡಿನಲ್ಲಿ ಬುಟ್ಟಿ ಸುರಿದಾಗ ತೂಗುವವನು ಬಿದ್ದು ಬಿದ್ದು ನಕ್ಕ. “ಏನ ಕೂಸೆ, ನಿಮ್ಮಪ್ಪ ಕೆಂಪು ಟೀ ಹಾಕಿದ್ದಾನಾ?” ಅಪ್ಪನಿಗೆ ಮಾನ ಹೋದಂತಾಯಿತು. ಮನೆಗೆ ಬಂದು ನನ್ನ ಮೇಲೆ ಕೈ ಎತ್ತಿದ. ಅಡ್ಡ ನಿಂತವಳು ಹೆತ್ತೆ, ಅಪ್ಪನ ತಾಯಿ.

“ಇರು. ಕೂಸು ನೇರಳೆಯ ಟೀ ಅಂತ ಕಿತ್ತಳು. ನೀ ನೇರಳೆಯ ಕಡಿದು ಟೀ ನೆಡ್ತೆ. ಬುದ್ಧಿ ಇಲ್ಲದ್ದು ಆರಿಗೆ?”

“ಅವ್ವೆ, ಗಿಡಕ್ಕೆ ಬಿಸಿಲು ಬೇಡವಾ?” ಅಪ್ಪ ಕೇಳಿದ.

“ಬಾ. ಬಂದು ಮೇಲೆ ನೋಡು.”

ಇಬ್ಬರನ್ನೂ ಮರದಡಿಗೆ ಎಳೆದೊಯ್ದಳು. ಮಂಜು ಸರಿದು ಬಿಸಿಲು ಬಿತ್ತು. ಅಷ್ಟೆತ್ತರದ ಚಿಗುರೆಲ್ಲ ಒಮ್ಮೆಗೇ ಹೊತ್ತಿಕೊಂಡಿತು; ಹೆತ್ತೆಯ ಬಿಳಿ ಬಟ್ಟೆ, ತೊರೆಯ ನೀರು, ಅಪ್ಪನ ಮುಖ, ಎಲ್ಲ ಕೆಂಪು. ಪೊಟರೆಯೊಳಗೆ ಜೇನು ಮೊರೆಯುತ್ತಿತ್ತು. ಬುಡಕ್ಕೆ ಕೈಯಿಟ್ಟರೆ ಆ ಮೊರೆತ ಅಂಗೈಗೆ ತಾಗುತ್ತಿತ್ತು. ನನಗೆ ಹೆದರಿಕೆಯಾಯಿತು. ಅಪ್ಪ ಗುಡಿಯ ಮುಂದೆ ಬಿಡುವ ಹಾಗೆ ಚಪ್ಪಲಿ ಕಳಚಿ ಬದಿಗಿಟ್ಟ. “ಆಳು ಬೇಡ ಅಂತ ಹೇಳ್ತೆ” ಎಂದ, ಅಷ್ಟೇ.

ನಾನು ದೊಡ್ಡವಳಾದ ಹಾಗೆ ಎಲ್ಲ ಸಣ್ಣದಾಯಿತು. ಮನೆಯ ಬಾಗಿಲು ಸಣ್ಣದಾಯಿತು, ಅಪ್ಪ ಸಣ್ಣವನಾದ, ಹೆತ್ತೆಯಂತೂ ಕೊನೆಗೆ ನನ್ನ ಬುಟ್ಟಿಯಷ್ಟೇ ಉಳಿದಿದ್ದಳು. ನಿಮ್ಮ ಮನೆಯಲ್ಲೂ ಕಂಡಿರುತ್ತೀರಿ. ನಿನ್ನೆ ಮೊಮ್ಮಗಳ ಕೈ ಹಿಡಿದು ತೊರೆ ಹುಟ್ಟುವಲ್ಲಿಗೆ ಇಳಿದೆ. ಚಪ್ಪಲಿ ಕಳಚಿ, ಕುತ್ತಿಗೆ ನೋಯುವವರೆಗೆ ಮೇಲೆ ನೋಡಿದೆ. ಮರ ಒಂದು ಗೇಣೂ ಸಣ್ಣದಾಗಿರಲಿಲ್ಲ.