ಸೀಟು ಹಿಡಿಯದ ಕಾಕಾ

ಅವರ ಎರಡೂ ಕೈಗಳು ಸದಾ ಬೆನ್ನ ಹಿಂದೆಯೇ ಇರುತ್ತಿದ್ದವು. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದಿದ್ದರೆ, ಬಲಗೈ ನಟ್ಟು ಬಿಚ್ಚುವ ಒಂದು ಪಾನಾವನ್ನು ಹಿಡಿದಿರುತ್ತಿತ್ತು. ಹೆಬ್ಬೆರಳ ಉಗುರು ಗ್ರೀಸು ತಿಂದು ತಿಂದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸುವಾಗ ಅವರು ಹತ್ತು ಹೆಜ್ಜೆ ದೂರದಲ್ಲಿ ಹೀಗೆ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರು. ನೋಡಿದವರಿಗೆ ಇವರೇನೂ ಮಾಡುತ್ತಿಲ್ಲ ಎನಿಸುತ್ತಿತ್ತು. ಹಾಗೆಂದು ಬರೆದೇ ಬಿಟ್ಟವರೂ ಇದ್ದರು. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಊರಿಗೆಲ್ಲ ಅವರು ಕಾಕಾ. ಸಂಕೇಶ್ವರದ ಕಡೆಯ ಜೈನ ಒಕ್ಕಲು ಮನೆತನದವರು; ಮೂಡಲಗಿಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ಸಿಟ್ಟು ಬಂದಾಗ ಮರಾಠಿಯಲ್ಲಿ ಗೊಣಗುವರು, ಕಲಿಸುವಾಗ ಕನ್ನಡದಲ್ಲಿ ಮಾತ್ರ ಮಾತನಾಡುವರು. ತೊಂಬತ್ತರ ದಶಕದ ಕೊನೆಯಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರು ಸೈಕಲ್ ಕಲಿಯಲು ಮುಂದೆ ಬಂದಾಗ, ಕಲಿಸುವವರು ಗಂಡಸರೇ ಎಂಬ ತೊಡಕು ಎದುರಾಯಿತು. ಹೆಂಗಸು ಕುಳಿತ ಸೀಟಿಗೆ ಪರ ಗಂಡಸು ಕೈ ಹಚ್ಚಿ ಹಿಂದೆ ಓಡುವುದನ್ನು ಯಾವ ಮನೆಯವರು ಒಪ್ಪುತ್ತಾರೆ? ಕಾಕಾ ಸೈಕಲ್ಲಿನ ಎರಡೂ ಪೈಡಲ್ ಬಿಚ್ಚಿದರು, ಸೀಟನ್ನು ಪಾದ ನೆಲಕ್ಕೆ ತಾಗುವಷ್ಟು ಇಳಿಸಿದರು. ಕಲಿಯುವವರು ಕುಳಿತು, ಕಾಲಿನಿಂದ ನೆಲ ದೂಡುತ್ತ ಸಾಗಬೇಕು. ಪಾದವೆತ್ತಿ ಮೈದಾನದ ಅರ್ಧ ದಾಟಿದ ದಿನ ಒಂದು ಪೈಡಲ್ ಮರಳಿ ಬರುತ್ತಿತ್ತು, ಪೂರ್ತಿ ದಾಟಿದ ದಿನ ಎರಡನೆಯದು. ಗಾಲಿಯ ಮೇಲೆಯೇ ಕಣ್ಣಿಟ್ಟವರಿಗೆ ದೂರದಿಂದಲೇ ಕೂಗುವರು: "ಮುಂದಿನ ಗಾಲಿ ಏನ್ ನೋಡ್ತೀರವಾ? ಅದೇನ್ ಬಿಟ್ಟು ಓಡಿ ಹೋಗೂದಿಲ್ಲ. ದಾರಿ ನೋಡ್ರಿ!"

ನಾನು ಮುಖ್ಯಾಧ್ಯಾಪಕನಾಗಿದ್ದ ಶಾಲೆಯ ಮೈದಾನದಲ್ಲಿ ಇದು ಎರಡು ವರ್ಷ ನಡೆಯಿತು. ಆಗ ಹೊರಗಿನ ಸಂಸ್ಥೆಯೊಂದು ಬಂದು ಗೋಕಾಕದಲ್ಲಿ ಕಚೇರಿ ತೆರೆಯಿತು. ಸೈಕಲ್ ಕಲಿಸುವವರಿಗೆ ತರಬೇತಿ, ಪರೀಕ್ಷೆ ಮತ್ತು ಪ್ರಮಾಣಪತ್ರ ಕೊಡುವುದು ಅದರ ಕೆಲಸ. ಪ್ರಮಾಣಪತ್ರವಿಲ್ಲದವರು ಇನ್ನು ಶಾಲೆಯ ಮೈದಾನಗಳಲ್ಲಿ ಕಲಿಸುವಂತಿಲ್ಲ ಎಂಬ ನಿಯಮವೂ ಅದರೊಡನೆ ಬಂತು.

ಪರೀಕ್ಷೆ ನಮ್ಮ ಮೈದಾನದಲ್ಲೇ ನಡೆಯಿತು. ಪರೀಕ್ಷಕ ಬಿಳಿ ಬೂಟು ಹಾಕಿ, ಕೊರಳಲ್ಲಿ ಸೀಟಿ ತೂಗಿಸಿಕೊಂಡಿದ್ದ ಮನುಷ್ಯ. ಅವನು ಹೇಳಿದ ಅಂಕಗಳನ್ನು ಬರೆಯುವ ಕೆಲಸ ನನ್ನದು. ಕಾಕಾರ ಪಾಲಿಗೆ ಬಂದ ಕಲಿಯುವವಳು ತುಕ್ಕಾನಟ್ಟಿಯ ಕುರುಬರ ಮನೆಯ ಸೊಸೆ. ಅವರ ಬಳಿ ಕಲಿಯಲು ಬರತೊಡಗಿ ಹದಿನೈದು ದಿನವಾಗಿತ್ತು. ಅವಳ ಮಾವ ಹೆಗಲಿಗೆ ಕಂಬಳಿ ಹಾಕಿಕೊಂಡು ಬೇವಿನ ಮರದ ಕೆಳಗೆ ಕುಳಿತು ನೋಡುತ್ತಿದ್ದ. ಅಂಕಪತ್ರದ ನಾಲ್ಕನೆಯ ಕಾಲಂ ಹೀಗಿತ್ತು: ಕಲಿಯುವವರ ಸೀಟು ಹಿಡಿದು ಐವತ್ತು ಹೆಜ್ಜೆ ಓಡುವುದು.

"ಸೀಟ್ ಹಿಡೀರಿ ಕಾಕಾ," ಎಂದ ಪರೀಕ್ಷಕ.

"ಹಿಡಿಯೂದಿಲ್ರಿ ಸಾಹೇಬ್ರ."

"ಯಾಕ್ರಿ? ವಯಸ್ಸಾತು, ಓಡಾಕ ದಮ್ ಇಲ್ಲೇನು?"

"ದಮ್ ಭಾಳ ಐತ್ರಿ. ನೀವು ಕುಂದರ್ರಿ, ನಿಮ್ಮ ಸೀಟ್ ಹಿಡಕೊಂಡು ಗೋಕಾಕ ಮಟಾ ಓಡತೇನಿ. ಈ ತಂಗೀದು ಹಿಡಿಯೂದಿಲ್ಲ."

ಸುತ್ತ ನಿಂತವರು ನಕ್ಕರು. ಪರೀಕ್ಷಕನ ಮುಖ ಬಿಗಿಯಿತು. "ಹಿಡೀಲಿಲ್ಲಂದ್ರ ಸೊನ್ನಿ ಬೀಳತೈತಿ. ಸೊನ್ನಿ ಬಿದ್ರ ಫೇಲ್."

ಕಾಕಾ ಹತ್ತಿರ ಬಂದು ದನಿ ತಗ್ಗಿಸಿದರು. "ಅಲ್ಲಿ ಆಕಿ ಮಾವ ನೋಡಾಕತ್ತಾನ್ರಿ. ನಾ ಕೈ ಹಚ್ಚಿದ್ರ ನನಗ ಕಾಗದ ಸಿಗತೈತಿ, ಖರೆ. ಆದ್ರ ನಾಳಿಂದ ಈಕಿ ಬರೂದಿಲ್ಲ. ಈಕಿ ಹಿಂದ ಬರೂ ನಾಕು ಮಂದೀನೂ ಬರೂದಿಲ್ಲ. ಕಾಗದ ತಗೊಂಡು ಯಾರಿಗಿ ಕಲಸ್ಲಿ?"

"ಕೈ ಹಚ್ಚದಾಂವ ಮಾಸ್ತರ ಅಲ್ಲ, ತಮಾಷಾ ನೋಡಾಂವ," ಎಂದು ಪರೀಕ್ಷಕ ನನ್ನತ್ತ ತಿರುಗಿದ. "ಬರೀರಿ ಗುರುಗಳ, ಸೊನ್ನಿ."

ನಾನು ಬರೆದೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ, ತಪ್ಪೆಂದು ತಿಳಿದೂ ಒಂದು ಸೊನ್ನೆಯನ್ನು ದುಂಡಗೆ ಬರೆಯಿತು. ಕಾಕಾ ಅತ್ತ ನೋಡಲೂ ಇಲ್ಲ. "ನಡೀರವಾ," ಎಂದರು. ಆ ಹೆಣ್ಣುಮಗಳು ಎರಡೂ ಪೈಡಲ್ ತುಳಿಯುತ್ತ, ಯಾರೂ ಹಿಡಿಯದೆ, ಮೈದಾನವನ್ನು ಒಂದು ಸುತ್ತು ಹಾಕಿ ಬಂದು ಇಳಿದಳು. ಕಲಿಯುವವಳು ಸೈಕಲ್ ಕಲಿತಳೇ ಎಂಬ ಪ್ರಶ್ನೆಗೆ ಆ ಪತ್ರದಲ್ಲಿ ಕಾಲಮ್ಮೇ ಇರಲಿಲ್ಲ. ಬೇವಿನ ನೆರಳಿನಿಂದ ಎದ್ದುಬಂದ ಮಾವ ಕೇಳಿದ್ದು ಒಂದೇ ಮಾತು: "ನಾಳಿ ಎಷ್ಟಕ್ಕ ಕಳಸ್ಲಿ ಕಾಕಾ?"

ಉತ್ತೀರ್ಣರಾದವರಲ್ಲಿ ಒಬ್ಬ ಹುಕ್ಕೇರಿ ಕಡೆಯವನು. ನಮ್ಮ ಮೈದಾನವನ್ನು ಅವನಿಗೆ ಒಪ್ಪಿಸಿದರು. ನಾನು ಗೋಕಾಕಕ್ಕೆ ಮೂರು ಪತ್ರ ಬರೆದೆ. ಎರಡಕ್ಕೆ ಉತ್ತರವಿಲ್ಲ, ಮೂರನೆಯದಕ್ಕೆ 'ನಿಯಮಾನುಸಾರ ಕ್ರಮ ಜರುಗಿಸಲಾಗಿದೆ' ಎಂಬ ಒಂದು ಸಾಲು. ಮೂರರ ನಕಲುಗಳೂ ಆ ಸಾಲೂ ಇಂದಿಗೂ ನನ್ನ ಬಳಿ ಇವೆ. ಕಾಕಾ ಊರ ಹೊರಗಿನ ಒಂದು ಹಳೆಯ ಕಣಕ್ಕೆ ತಮ್ಮ ಸೈಕಲ್ಲುಗಳನ್ನು ಸಾಗಿಸಿದರು. ಹುಕ್ಕೇರಿಯವನ ಬಳಿ ಬಂದವರು ಹೆಚ್ಚಾಗಿ ಶಾಲೆಯ ಹುಡುಗಿಯರು. ಅವನು ಸೀಟನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದನೆಂದರೆ, ಬಿಟ್ಟ ಕ್ಷಣವೇ ಅವರು ನೆಲ ಕಾಣುತ್ತಿದ್ದರು. ಒಂದು ಸಂಜೆ ಕಣದ ಕಡೆ ಹೋದರೆ, ಅದೇ ಮನುಷ್ಯನಿಗೆ ಕಾಕಾ ಪೈಡಲ್ ಬಿಚ್ಚುವುದನ್ನು ತೋರಿಸುತ್ತಿದ್ದಾರೆ! ಅವನು ಹೋಗುವವರೆಗೆ ತಡೆದುಕೊಂಡು ರೇಗಿದೆ: "ನಿಮ್ಮ ಮೈದಾನ ಕಸಗೊಂಡವಗ ಕಲಸ್ತೀರಲ್ರಿ, ಮಾನ ಐತಿಲ್ಲೋ?"

"ಗುರುಗಳ, ಆಂವ ಬಿಟ್ಟ ಕೂಡಲೆ ಹುಡುಗ್ಯಾರು ಬೀಳಾಕತ್ತಾರ," ಎಂದರು. "ಸಿಟ್ಟು ನಿಮ್ಮ ಕಡೆ ಇರ್ಲಿ. ಮಣಕಾಲು ಅವರವು."

ಸಿಟ್ಟು ನನ್ನ ಕಡೆಯೇ ಉಳಿಯಿತು. ಕೆಲವು ವರ್ಷಗಳ ಮೇಲೆ ಸಂಸ್ಥೆ ಒಂದು ಕೈಪಿಡಿ ಅಚ್ಚು ಹಾಕಿಸಿತು. ಏಳನೆಯ ಪುಟದಲ್ಲಿ ಪೈಡಲ್ ಇಲ್ಲದ ಸೈಕಲ್ಲಿನ ಚಿತ್ರ. ಅದರ ಕೆಳಗೆ 'ನಮ್ಮ ತಜ್ಞರು ರೂಪಿಸಿದ ಕ್ರಮ'. ಕಾಕಾ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಸೀಟ್ ಇನ್ನೊಂದೀಟು ಇಳಸಬೇಕಿತ್ತು," ಎಂದಷ್ಟೇ ಅಂದರು. ಅದರ ಮರುವರ್ಷ ಬೇಸಿಗೆಯಲ್ಲಿ, ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಸಂಸ್ಥೆಯಿಂದ ಒಬ್ಬನೂ ಬರಲಿಲ್ಲ.

ಶಾಲೆಯ ಹುಡುಗಿಯರಿಗೆ ಸರಕಾರ ಸೈಕಲ್ ಹಂಚಿದಾಗ, ತುಕ್ಕಾನಟ್ಟಿಯ ಆ ಸೊಸೆ ತನ್ನೂರಿನವರಿಗೆ ಕಲಿಸಲು ಪ್ರಮಾಣಪತ್ರ ಬೇಕೆಂದು ನನ್ನಿಂದ ಅರ್ಜಿ ತುಂಬಿಸಿದಳು. 'ನಿಮಗೆ ಕಲಿಸಿದವರ ಹೆಸರು' ಎಂಬಲ್ಲಿ ಕಾಕಾರ ಹೆಸರು ಬರೆಸಿದಳು. ಪ್ರಮಾಣಪತ್ರ ಪಡೆದವರ ಪಟ್ಟಿಯಲ್ಲಿ ಆ ಹೆಸರಿಲ್ಲವೆಂದು ಅರ್ಜಿ ಮರಳಿತು. ಮತ್ತೊಮ್ಮೆ ಕಳಿಸಿದೆವು, ಮತ್ತೊಮ್ಮೆ ಮರಳಿತು.

"ಹುಕ್ಕೇರಿಯವರ ಹೆಸರ ಹಾಕಿದ್ರ ಪಾಸ್ ಮಾಡ್ತಾರಂತವಾ," ಎಂದು ಅವಳಿಗೆ ತಿಳಿಸಿದೆ.

"ಅವರಿಗಿ ಕಲಿಸಿದವರ ಯಾರ್ರಿ ಗುರುಗಳ?" ಎಂದಳು. "ಪಾಸ್ ಆಗದಿದ್ರ ಬಿಡ್ರಿ. ನಮ್ಮ ಹುಡುಗ್ಯಾರೇನು ನನ್ನ ಕಾಗದ ಕೇಳೂದಿಲ್ಲ."

ಮೂರನೆಯ ಸಲ ನಾನೇ ಗೋಕಾಕಕ್ಕೆ ಹೋದೆ. ಗುಮಾಸ್ತ ಖಾಲಿ ಅರ್ಜಿಯೊಂದನ್ನು ನನ್ನತ್ತ ಸರಿಸಿ, "ಸತ್ತವರ ಹೆಸರು ಯಾಕ್ರಿ? ಪಟ್ಟಿಯೊಳಗ ಇದ್ದವರದು ಒಂದು ಬರೀರಿ, ಮುಗೀತು," ಎಂದ.

"ಕಲಿಸಿದವರದು ಅಂತ ನೀವ ಅಚ್ಚು ಹಾಕೀರಿ," ಎಂದು ಹೇಳಿ ಪೆನ್ನಿನ ಟೋಪಿ ತೆಗೆದೆ. ಅವನು ನೋಡುತ್ತಿದ್ದಂತೆಯೇ, ಅವನಿಗೆ ತಲೆಕೆಳಗಾಗಿಯೂ ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ, ಕಾಕಾರ ಹೆಸರು, ಅವರ ತಂದೆಯ ಹೆಸರು, ಅಡ್ಡಹೆಸರು, ಊರು, ಎಲ್ಲವನ್ನೂ ಬರೆದೆ.